ಫ್ರಾಯ್ಡ್ ಹೇಳಿದ ಹೆಣ್ತನವನ್ನು ಇಂದಿನ ಹುಡುಗಿಯರಿಗೆ ಪಾಠ ಮಾಡುವುದು ಹೇಗೆ?

ಪ್ರಶ್ನೆ: ಗೋಣಿಕೊಪ್ಪಲಿನ ಅತಿಥಿ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕೊಡಗಿನ ಒಂದು ಕಾಲೇಜಿನಲ್ಲಿ ಪದವಿ ತರಗತಿಗಳಿಗೆ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದೇನೆ. ವ್ಯಕ್ತಿತ್ವದ ಸಿದ್ಧಾಂತಗಳ ಘಟಕದಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಬರುತ್ತಾರೆ. ಇಡ್ (ಸಹಜ ಆಸೆಗಳು), ಈಗೋ (ವಾಸ್ತವ ನೋಡುವ ಮನಸ್ಸು), ಸೂಪರ್ ಈಗೋ (ನೈತಿಕ ಪ್ರಜ್ಞೆ), ಕನಸುಗಳ ವಿಶ್ಲೇಷಣೆ, ಇವೆಲ್ಲ ಸಲೀಸಾಗಿ ಸಾಗುತ್ತವೆ. ಮಗುವಿನ ಬೆಳವಣಿಗೆಯ ಮೂರನೇ ಹಂತಕ್ಕೆ ಬಂದಾಗ ತೊಡಕು ಶುರುವಾಗುತ್ತದೆ. ನಮ್ಮ ನೋಟ್ಸಿನಲ್ಲಿ ಇರುವುದು ಇಷ್ಟೇ: ಮೂರರಿಂದ ಆರು ವರ್ಷದೊಳಗಿನ ಹೆಣ್ಣುಮಗು ತನಗೆ ಶಿಶ್ನವಿಲ್ಲವೆಂದು ಕಂಡುಕೊಂಡು ಗಂಡುಮಕ್ಕಳ ಮೇಲೆ ಅಸೂಯೆಪಡುತ್ತದೆ. ಆ ಕೊರತೆಗೆ ತಾಯಿಯನ್ನು ದೂರುತ್ತದೆ, ತಂದೆಯ ಕಡೆ ವಾಲುತ್ತದೆ, ಮುಂದೆ ಮಗುವನ್ನು, ಅದರಲ್ಲೂ ಗಂಡುಮಗುವನ್ನು ಹೆತ್ತು ಕೊರತೆ ತುಂಬಿಕೊಳ್ಳುತ್ತದೆ. ಇದಕ್ಕೆ ಶಿಶ್ನಾಸೂಯೆ ಎಂಬ ಹೆಸರು. ಮುಂದಿನ ಪುಟದಲ್ಲಿ ಬೇರೆ ವಿಷಯ.

ಈ ಬಾರಿ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ನನಗೆ ಇಬ್ಬರು ಅಣ್ಣಂದಿರಿದ್ದಾರೆ ಮೇಡಂ. ನನಗೆ ಹಾಗೆ ಯಾವತ್ತೂ ಅನ್ನಿಸಿಲ್ಲ. ಅನ್ನಿಸಿಲ್ಲ ಎಂದರೆ ಒಳಗೆ ಅದುಮಿಟ್ಟಿದ್ದೇನೆ ಎಂದು ಇದೇ ಪಾಠ ಹೇಳುತ್ತದೆ. ಹಾಗಾದರೆ ಇದು ತಪ್ಪು ಎಂದು ಹೇಳಬೇಕಾದರೆ ನಾನು ಏನು ಹೇಳಬೇಕು?"

ತರಗತಿಯಲ್ಲಿ ಯಾರೂ ನಗಲಿಲ್ಲ. ನಾಳೆ ಉತ್ತರಿಸುತ್ತೇನೆ ಎಂದು ಹೇಳಿ ಬಂದಿದ್ದೇನೆ. ಈ ಭಾಗವನ್ನು ಬಿಟ್ಟುಬಿಡುವುದೇ, ಇದ್ದಂತೆಯೇ ಹೇಳುವುದೇ, ಅಥವಾ ಬೇರೆ ದಾರಿಯಿದೆಯೇ? ಫ್ರಾಯ್ಡ್ ಬದುಕಿದ್ದ ಕಾಲದಲ್ಲೇ ಇದನ್ನು ಯಾರಾದರೂ ವಿರೋಧಿಸಿದ್ದರೇ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ: ಕುಶಾಲನಗರದ ಓದುಗ

ಬಿಟ್ಟುಬಿಡಿ. ನೂರು ವರ್ಷ ಹಳೆಯ ಊಹೆ ಅದು. ಇಂದಿನ ಮನಶ್ಶಾಸ್ತ್ರ ಪ್ರಯೋಗಾಲಯದಲ್ಲಿ ನಡೆಯುತ್ತದೆ, ಮಿದುಳಿನ ಸ್ಕ್ಯಾನ್ ನೋಡುತ್ತದೆ. ಪರೀಕ್ಷೆಗೆ ಬೇಕಾದ ನಾಲ್ಕು ಸಾಲು ಬರೆಸಿ ಮುಂದೆ ಹೋಗಿ. ಹುಡುಗಿಯರಿಗೆ ಮುಜುಗರವೂ ತಪ್ಪುತ್ತದೆ.

ಉತ್ತರ: ನಾಪೋಕ್ಲಿನ ನಿವೃತ್ತ ಉಪನ್ಯಾಸಕಿ

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಆ ಸಿದ್ಧಾಂತದ ಬುಡಕ್ಕೇ ಕೈ ಹಾಕಿದೆ. ಅದನ್ನು ಅವಳ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಬಿಟ್ಟುಬಿಡಿ ಎಂಬ ಮೇಲಿನ ಸಲಹೆ ನನಗೆ ಒಪ್ಪಿಗೆಯಿಲ್ಲ. ಬಿಟ್ಟರೆ ಆ ನಾಲ್ಕು ಸಾಲು ನೋಟ್ಸಿನಲ್ಲಿ ಹಾಗೆಯೇ ಉಳಿಯುತ್ತವೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ, ಹೆಣ್ಣೆಂದರೆ ಏನೋ ಕೊರತೆಯಿರುವ ಜೀವ ಎಂಬ ಮಾತು ವಿಜ್ಞಾನದ ಮುದ್ರೆ ಒತ್ತಿಸಿಕೊಂಡು ಮನೆಗೆ ಹೋಗುತ್ತದೆ. ನಾನು ಈ ಪಾಠವನ್ನು ವರ್ಷಾನುಗಟ್ಟಲೆ ಮಾಡಿದವಳು, ಈಗ ತೋಟ ನೋಡಿಕೊಂಡಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಓದುವ ತಾಳ್ಮೆ ಇರಲಿ.

ಪಾಠವನ್ನು ಡೋರಾಳಿಂದ ಶುರುಮಾಡಿ. ಅಸೂಯೆಯ ಸಿದ್ಧಾಂತ ಆಮೇಲೆ ಬರಲಿ. ಡೋರಾ ಎಂಬುದು ಫ್ರಾಯ್ಡ್ ಇಟ್ಟ ಹೆಸರು, ನಿಜ ಹೆಸರು ಇಡಾ ಬಾವರ್. 1900ರ ಅಕ್ಟೋಬರಿನಲ್ಲಿ ತಂದೆ ಅವಳನ್ನು ವಿಯೆನ್ನಾದಲ್ಲಿ ಫ್ರಾಯ್ಡ್ ಬಳಿ ಕರೆತಂದ. ಹದಿನೆಂಟರ ಹರೆಯ. ಕೆಮ್ಮು, ದನಿ ಕಟ್ಟುವುದು, ಬೇಸರ. ಅವಳು ಹೇಳಿದ ಸಂಗತಿ ಇದು: ಕುಟುಂಬದ ಸ್ನೇಹಿತನೊಬ್ಬ ಅವಳಿಗೆ ಹದಿನಾಲ್ಕು ವರ್ಷವಿದ್ದಾಗ ತನ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹಿಡಿದು ಮುತ್ತಿಟ್ಟಿದ್ದ. ಎರಡು ವರ್ಷದ ನಂತರ ಸರೋವರದ ದಂಡೆಯಲ್ಲಿ ಮತ್ತೆ ಮೈಮೇಲೆ ಬಿದ್ದು ಮಾತಾಡಿದಾಗ ಅವನ ಕೆನ್ನೆಗೆ ಹೊಡೆದು ಓಡಿಬಂದಿದ್ದಳು. ಮನೆಯಲ್ಲಿ ಹೇಳಿದರೆ ಎಲ್ಲ ನಿನ್ನ ಕಲ್ಪನೆ ಎಂದರು. ಅವಳ ತಂದೆಗೂ ಆ ಸ್ನೇಹಿತನ ಹೆಂಡತಿಗೂ ಸಂಬಂಧವಿತ್ತು. ಆ ಸಂಬಂಧ ಕೆಡದಿರಲೆಂದು ತನ್ನನ್ನು ಆ ಮನುಷ್ಯನಿಗೆ ಒಪ್ಪಿಸುತ್ತಿದ್ದಾರೆ ಎಂಬುದು ಹುಡುಗಿಯ ಸಂಕಟ.

ಫ್ರಾಯ್ಡ್ ಅವಳ ಮಾತನ್ನು ನಂಬಿದರು. ಘಟನೆ ನಡೆದದ್ದು ನಿಜವೆಂದು ಬರೆದರು. ಅಷ್ಟರಮಟ್ಟಿಗೆ ಅಪ್ಪನಿಗಿಂತ ಅವರು ಮೇಲು. ಆದರೆ ಮುಂದಿನ ಹೆಜ್ಜೆ ನೋಡಿ. ಅಂಗಡಿಯಲ್ಲಿ ಆ ಮುತ್ತಿನಿಂದ ಅವಳಿಗೆ ಅಸಹ್ಯವಾಯಿತಲ್ಲ, ಆ ಅಸಹ್ಯವನ್ನೇ ಅವರು ಹಿಸ್ಟೀರಿಯಾದ ಲಕ್ಷಣ ಎಂದು ಗುರುತಿಸಿದರು. ಆರೋಗ್ಯವಂತ ಹುಡುಗಿಗೆ ಆ ಗಳಿಗೆಯಲ್ಲಿ ಉದ್ರೇಕವಾಗಬೇಕಿತ್ತಂತೆ. ಅವಳು ಒಳಗೊಳಗೇ ಆ ಮನುಷ್ಯನನ್ನು ಪ್ರೀತಿಸುತ್ತಿದ್ದಾಳೆ ಎಂಬುದು ಅವರ ತೀರ್ಮಾನ. ಅವಳು ಅಲ್ಲ ಎಂದಷ್ಟೂ ಅದು ಹೌದು ಎಂಬುದಕ್ಕೆ ಸಾಕ್ಷಿಯಾಯಿತು. ಅದೇ ವರ್ಷದ ಡಿಸೆಂಬರ್ 31ಕ್ಕೆ ಅವಳು ಚಿಕಿತ್ಸೆ ಬಿಟ್ಟು ಎದ್ದು ಹೋದಳು. 1902ರಲ್ಲಿ ಒಮ್ಮೆ ಮರಳಿ ಬಂದು ತಾನು ಮಾಡಿದ್ದನ್ನು ಹೇಳಿದಳು. ಆ ಗಂಡ ಹೆಂಡತಿಯರ ಎದುರು ನಿಂತು ಕೇಳಿದ್ದಳು. ಆಕೆ ಸಂಬಂಧವನ್ನು ಅಲ್ಲಗಳೆಯಲಿಲ್ಲ, ಆತ ಸರೋವರದ ಘಟನೆಯನ್ನು ಒಪ್ಪಿಕೊಂಡ. ತನ್ನನ್ನು ವಾಸಿಮಾಡಿಕೊಳ್ಳಲು ಏನು ಬೇಕೆಂದು ಆ ಹುಡುಗಿಗೆ ಗೊತ್ತಿತ್ತು. 1905ರಲ್ಲಿ ಪ್ರಕಟವಾದ ವರದಿಯಲ್ಲಿ ಇದೆಲ್ಲವನ್ನೂ ಫ್ರಾಯ್ಡ್ ತಾವೇ ದಾಖಲಿಸಿದ್ದಾರೆ, ಚಿಕಿತ್ಸೆಯಲ್ಲಿ ತಾವು ಎಡವಿದ ಕಡೆಗಳನ್ನೂ ಬರೆದಿದ್ದಾರೆ. ಆ ಪ್ರಾಮಾಣಿಕತೆಯಿಂದಲೇ ನಾವು ಇಂದು ಅವರನ್ನು ಪ್ರಶ್ನಿಸಲು ಸಾಧ್ಯವಾಗಿದೆ. ಮಕ್ಕಳಿಗೆ ಅದನ್ನೂ ಹೇಳಬೇಕು.

ಈಗ ಅಸೂಯೆಯ ಸಿದ್ಧಾಂತಕ್ಕೆ ಬರೋಣ. ಅದರ ಪೂರ್ಣರೂಪ ಸಿಗುವುದು 1925ರ ಒಂದು ಪ್ರಬಂಧದಲ್ಲಿ. ಗಂಡು ಹೆಣ್ಣಿನ ದೇಹರಚನೆಯ ವ್ಯತ್ಯಾಸದಿಂದ ಮನಸ್ಸಿನಲ್ಲಾಗುವ ಪರಿಣಾಮಗಳ ಕುರಿತ ಪ್ರಬಂಧ ಅದು. ದವಡೆಯ ಕ್ಯಾನ್ಸರಿನಿಂದ ನರಳುತ್ತಿದ್ದ ಫ್ರಾಯ್ಡ್ ಸಮ್ಮೇಳನಕ್ಕೆ ಹೋಗಲಾಗದೆ ಮಗಳು ಆನಾ ಅದನ್ನು ಓದಿದರು. ತಮಗೆ ಉಳಿದಿರುವ ಕಾಲ ಕಡಿಮೆ, ಆದ್ದರಿಂದ ಇನ್ನೂ ದೃಢಪಡಬೇಕಾದ ವಿಚಾರವನ್ನೇ ಪ್ರಕಟಿಸುತ್ತಿದ್ದೇನೆ ಎಂದು ಆರಂಭದಲ್ಲೇ ಹೇಳಿಕೊಂಡಿದ್ದಾರೆ. ಅದೇ ಪ್ರಬಂಧದ ಕೊನೆಗೆ ಬಂದಾಗ ಹೆಂಗಸರ ಸೂಪರ್ ಈಗೋ ಗಂಡಸರದಷ್ಟು ಗಟ್ಟಿಯಲ್ಲ, ಅವರಿಗೆ ನ್ಯಾಯಪ್ರಜ್ಞೆ ಕಡಿಮೆ, ಭಾವನೆಗಳು ಅವರ ತೀರ್ಪನ್ನು ಎಳೆದಾಡುತ್ತವೆ ಎಂದು ಬರೆದರು. ಒಂದೇ ತೋಟದ ಮಣ್ಣು ಪರೀಕ್ಷಿಸಿ ಇಡೀ ಜಿಲ್ಲೆಗೆ ಇಷ್ಟು ಸುಣ್ಣ ಹಾಕಿ ಎಂದು ಬರೆದುಕೊಟ್ಟ ಹಾಗಾಯಿತು. ಅವರ ಕೋಣೆಗೆ ಬಂದವರು ಹೆಚ್ಚಾಗಿ ಅನುಕೂಲವಂತ ಮನೆಗಳ, ಕಾಯಿಲೆಯಿಂದ ನರಳುತ್ತಿದ್ದ ವಯಸ್ಕರು. ಮೂರು ವರ್ಷದ ಹೆಣ್ಣುಮಗುವಿನ ಮನಸ್ಸನ್ನು ಫ್ರಾಯ್ಡ್ ಓದಿದ್ದು ಬಹುಪಾಲು ಇಂಥ ವಯಸ್ಕರ ನೆನಪುಗಳ ಮೂಲಕ.

ವಿರೋಧಿಸಿದವರು ಇದ್ದರೇ ಎಂದು ಕೇಳಿದ್ದೀರಿ. ಖಂಡಿತ ಇದ್ದರು, ಅದೂ ಮನೋವಿಶ್ಲೇಷಕರ ಬಳಗದೊಳಗಿನವರೇ. ಕರೆನ್ ಹಾರ್ನೈ ಬರ್ಲಿನ್ನಿನ ವೈದ್ಯೆ, ಮೂರು ಹೆಣ್ಣುಮಕ್ಕಳ ತಾಯಿ. 1922ರಿಂದಲೇ ಈ ವಿಷಯದ ಮೇಲೆ ಪ್ರಬಂಧ ಓದಲು ತೊಡಗಿದರು. 1926ರ ಪ್ರಬಂಧದಲ್ಲಿ ಅವರು ಮಾಡಿದ ಒಂದು ಕೆಲಸವನ್ನು ನೀವು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಹುದು. ಹಲಗೆಯನ್ನು ಎರಡು ಭಾಗ ಮಾಡಿ. ಎಡಗಡೆ ಪುಟ್ಟ ಹುಡುಗನೊಬ್ಬ ಹುಡುಗಿಯರ ಬಗ್ಗೆ ಕಟ್ಟಿಕೊಳ್ಳುವ ಕಲ್ಪನೆಗಳು: ಅವಳಿಗೂ ನನ್ನಂತೆಯೇ ಇದೆ, ಅರೆ, ಇಲ್ಲ, ಯಾರೋ ಕತ್ತರಿಸಿದ್ದಾರೆ, ಏನೋ ತಪ್ಪಿಗೆ ಶಿಕ್ಷೆಯಾಗಿದೆ, ಅವಳು ನನಗಿಂತ ಕಡಿಮೆ, ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು. ಬಲಗಡೆ ಮನೋವಿಶ್ಲೇಷಕರು ಹೆಣ್ಣಿನ ಬೆಳವಣಿಗೆಯ ಬಗ್ಗೆ ಮಂಡಿಸಿದ ಸಿದ್ಧಾಂತ. ಸಾಲಿಗೆ ಸಾಲು ಕೂಡುತ್ತದೆ. ಇದನ್ನು ಬರೆದಿಟ್ಟು ಹಾರ್ನೈ ಕೇಳಿದ್ದು ಸರಳವಾದ ಮಾತು: ನೋಡುವ ಕಣ್ಣು, ಅಳೆಯುವ ಕೋಲು, ಕಾನೂನು, ಕಲೆ, ವಿಜ್ಞಾನ ಎಲ್ಲವೂ ಗಂಡಸರದ್ದಾದ ನಾಗರಿಕತೆಯಲ್ಲಿ ಹೆಣ್ಣಿನ ಮನಶ್ಶಾಸ್ತ್ರವೂ ಗಂಡಿನ ಕಣ್ಣಿನದ್ದೇ ಆಗಿರಬಹುದಲ್ಲವೇ? ಬಸುರು, ಹೆರಿಗೆ, ಹಾಲೂಡಿಸುವುದು, ಇವು ಕೊಡುವ ತೃಪ್ತಿಯ ಗೊಡವೆಯೇ ಇಲ್ಲದೆ ತಾಯ್ತನವನ್ನು ಇನ್ನಾವುದಕ್ಕೋ ಬದಲಿ ಎಂದು ಹೇಳುವುದು ಹೇಗೆ? ಗಂಡಸರಿಗೆ ಗರ್ಭದ ಮೇಲೆ ಇರುವ ಅಸೂಯೆಯನ್ನು ಯಾಕೆ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ?

ಫ್ರಾಯ್ಡ್ ಇದಕ್ಕೆ ಕೊಟ್ಟ ಉತ್ತರ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. 1938ರಲ್ಲಿ ಬರೆದ ತಮ್ಮ ಕೊನೆಯ ಪುಸ್ತಕದಲ್ಲಿ, ತನ್ನೊಳಗಿನ ಶಿಶ್ನದ ಆಸೆಯ ತೀವ್ರತೆಯನ್ನು ಸಾಕಷ್ಟು ಮನಗಾಣದ ಮಹಿಳಾ ವಿಶ್ಲೇಷಕಿ ತನ್ನ ರೋಗಿಗಳಲ್ಲಿಯೂ ಅದಕ್ಕೆ ಮಹತ್ವ ಕೊಡದಿದ್ದರೆ ಆಶ್ಚರ್ಯವಿಲ್ಲ ಎಂಬರ್ಥದ ಮಾತು ಬರೆದರು. ಹೆಸರಿಲ್ಲ, ಆದರೆ ಅದು ಹಾರ್ನೈ ಕುರಿತದ್ದು ಎಂದೇ ಓದಲಾಗುತ್ತದೆ. ಅಂದರೆ ವಿದ್ವತ್ತಿನಿಂದ ವಾದ ಮಾಡಿದ ವೈದ್ಯೆಗೂ ನಿಮ್ಮ ಹಿಂದಿನ ಬೆಂಚಿನ ಹುಡುಗಿಗೂ ಸಿಕ್ಕ ಉತ್ತರ ಒಂದೇ: ನೀನು ಒಪ್ಪದಿರುವುದೇ ನಿನ್ನ ಕಾಯಿಲೆ. ಯಾವ ಸಾಕ್ಷ್ಯ ಬಂದರೂ ತಾನೇ ಗೆಲ್ಲುವಂತೆ ಕಟ್ಟಿದ ವಾದವನ್ನು ವಿಜ್ಞಾನ ಎಂದು ಒಪ್ಪಬೇಕಾಗಿಲ್ಲ. ಅವಳಿಗೆ ಹೇಳಿ, ನೀನು ಏನು ಹೇಳಿದರೂ ಅದು ತಪ್ಪೆಂದು ತೋರಿಸಲಾಗದ ಹಾಗೆ ಅದನ್ನು ಕಟ್ಟಿದ್ದಾರೆ, ದೋಷ ಇರುವುದು ಅಲ್ಲಿ, ನಿನ್ನ ಉತ್ತರದಲ್ಲಿ ಅಲ್ಲ.

ನನ್ನ ಕಣ್ಣೆದುರಿನ ಒಂದು ಸಂಗತಿ ಹೇಳುತ್ತೇನೆ. ರೊಬಸ್ಟಾ ಕೊಯ್ಲಿನ ಕಾಲದಲ್ಲಿ ಸಂಜೆ ಹೊತ್ತಿಗೆ ಹೆಂಗಸರು ಟಾರ್ಪಾಲಿನ ಮೇಲೆ ಹಣ್ಣು ಸುರಿದು, ಹಸಿರು ಕಾಯಿ, ಎಲೆ, ಕಡ್ಡಿ ಆರಿಸಿ ಚೀಲಕ್ಕೆ ತುಂಬುತ್ತಾರೆ. ರೈಟರ್, ಅಂದರೆ ತೋಟದ ಗುಮಾಸ್ತ, ತೂಕ ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಕಿಲೋ ಲೆಕ್ಕದ ಕೂಲಿ. ಗಂಡ ಹೆಂಡತಿ ಇಬ್ಬರೂ ಕೊಯ್ದಿದ್ದರೆ ಎರಡೂ ಚೀಲದ ತೂಕ ಗಂಡನ ಹೆಸರಿಗೇ ಹೋಗುವ ರೂಢಿ ಹಲವು ಕಡೆ ಇತ್ತು, ನಮ್ಮಲ್ಲೂ ಇತ್ತು. ಒಬ್ಬ ಕೆಲಸದಾಕೆಯ ಮಗಳು, ಎಂಟು ವರ್ಷದವಳಿರಬೇಕು, ತೂಕದ ಹೊತ್ತಿಗೆ ಸರಿಯಾಗಿ ಬಂದು ರೈಟರನ ಮೊಣಕೈ ಬಳಿ ನಿಲ್ಲುತ್ತಿದ್ದಳು. ಅವನ ಕಿವಿಯ ಮೇಲಿನ ಪೆನ್ನು, ಎಣ್ಣೆಗೂಡಿದ ರಟ್ಟಿನ ಆ ಉದ್ದನೆಯ ಪುಸ್ತಕ, ಅವಳ ದೃಷ್ಟಿ ಅಲ್ಲಿಂದ ಕದಲುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಏನಾಗುತ್ತೀಯಾ ಎಂದು ನಾನು ಕೇಳಿದೆ. "ರೈಟರ್. ಅಮ್ಮನ ತೂಕ ಅಮ್ಮನ ಹೆಸರಿಗೆ ಬರೆಯುತ್ತೇನೆ" ಎಂದಳು.

ಅವಳಿಗೆ ಅಸೂಯೆ ಇತ್ತು, ಅನುಮಾನವೇ ಇಲ್ಲ. ಅದು ಆ ಪುಸ್ತಕದ ಮೇಲಿನ ಅಸೂಯೆ. ಹಳೆಯ ಪಂಥದ ವಿಶ್ಲೇಷಕನಿಗೆ ಈ ಘಟನೆ ಹೇಳಿದರೆ ಪೆನ್ನು ಬೇರೊಂದರ ಸಂಕೇತ ಎಂದು ಕೂಡಲೇ ಬರೆದುಕೊಳ್ಳುತ್ತಿದ್ದ. 1943ರಲ್ಲಿ ಅಮೆರಿಕದ ಕ್ಲಾರಾ ಥಾಂಪ್ಸನ್ ಎಂಬ ವಿಶ್ಲೇಷಕಿ ಈ ಸಂಕೇತವನ್ನು ತಿರುಗಿಸಿ ಓದಿದರು: ಗಂಡಾಳ್ವಿಕೆಯ ಸಮಾಜದಲ್ಲಿ ಶಿಶ್ನವೇ ಅಧಿಕಾರದ ಸಂಕೇತ, ಹೆಣ್ಣು ಬಯಸುವುದು ಆ ಅಧಿಕಾರ ಕೊಡುವ ಸ್ಥಾನವನ್ನು. ನಮ್ಮ ತೋಟದಲ್ಲಿ ಆಮೇಲೆ ಪ್ರತಿಯೊಬ್ಬಳ ತೂಕವನ್ನೂ ಅವಳ ಹೆಸರಿಗೇ ಬರೆಸಲು ಶುರುಮಾಡಿದೆ. ಕೆಲವು ಗಂಡಸರು ಸಿಟ್ಟಾದರು, ಒಬ್ಬಿಬ್ಬರು ಬೇರೆ ತೋಟಕ್ಕೂ ಹೋದರು.

ಉತ್ತರ: ವಿರಾಜಪೇಟೆಯ ಬೆಳೆಗಾರ

ಮೇಲಿನವರು ಬರೆದದ್ದನ್ನು ಗೌರವದಿಂದ ಓದಿದೆ. ಆದರೆ ಇದೆಲ್ಲ ವಿಯೆನ್ನಾದ ಸಮಸ್ಯೆ. ಕೊಡಗಿನಲ್ಲಿ ಹೆಣ್ಣನ್ನು ಯಾರೂ ಕೀಳಾಗಿ ಕಂಡಿಲ್ಲ. ಕೊಡವರಲ್ಲಿ ವರದಕ್ಷಿಣೆಯ ಸಂಪ್ರದಾಯವಿಲ್ಲ. ಕೆಲವು ಮೇಲ್ಜಾತಿಗಳಲ್ಲಿ ವಿಧವೆಯರ ತಲೆ ಬೋಳಿಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ವಿಧವೆಗೆ ಮರುಮದುವೆ ಇತ್ತು. ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ಹೆಣ್ಣುಮಕ್ಕಳು ಗಂಡಸರ ಜೊತೆಗೇ ಮೈದಾನಕ್ಕೆ ಇಳಿಯುತ್ತಾರೆ. ಅಶ್ವಿನಿ ನಾಚಪ್ಪ ಅವರಂಥ ಓಟಗಾರ್ತಿಯನ್ನು ಕೊಟ್ಟ ನೆಲ ಇದು. ನಮ್ಮ ಹುಡುಗಿಯರಿಗೆ ಈ ಪಾಠ ಹೊಂದುವುದಿಲ್ಲ ಎಂದಷ್ಟೇ ಹೇಳಿದರೆ ಸಾಕು.

ಉತ್ತರ: ನಾಪೋಕ್ಲಿನ ನಿವೃತ್ತ ಉಪನ್ಯಾಸಕಿ

ನೀವು ಹೇಳಿದ ಒಂದೊಂದು ಮಾತೂ ನಿಜ, ನನಗೂ ಅದರ ಹೆಮ್ಮೆಯಿದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಾವೂ ಫ್ರಾಯ್ಡ್ ಮಾಡಿದ್ದನ್ನೇ ಮಾಡಿದಂತಾಗುತ್ತದೆ, ಹೆಂಗಸರನ್ನು ಕೇಳದೆ ಅವರ ಮನಸ್ಸಿನ ಬಗ್ಗೆ ತೀರ್ಪು ಕೊಟ್ಟಂತಾಗುತ್ತದೆ.

ನನ್ನ ತಮ್ಮ ಹುಟ್ಟಿದಾಗ ನನಗೆ ಐದು ವರ್ಷ. ಅಜ್ಜ ಅಂಗಳಕ್ಕೆ ಬಂದು ಆಕಾಶಕ್ಕೆ ಒಂದು ಗುಂಡು ಹಾರಿಸಿದರು. ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಹರಳುಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಮಾಡಿ ಕೂಸಿನ ಕೈಗೆ ಮುಟ್ಟಿಸಿದರು. ನಾನು ಹುಟ್ಟಿದಾಗಲೂ ಗುಂಡು ಹಾರಿಸಿದ್ದರೇ ಎಂದು ಅಜ್ಜಿಯನ್ನು ಕೇಳಿದೆ. ಅಜ್ಜಿ ನನ್ನ ಜಡೆ ಹೆಣೆಯುತ್ತಿದ್ದರು, ಉತ್ತರ ಕೊಡದೆ ಹೆಣೆಯುತ್ತಲೇ ಇದ್ದರು. ತಮ್ಮನ ಮೈಯಲ್ಲಿ ಏನಿದೆ ಎಂಬುದು ಅವನಿಗೆ ಸ್ನಾನ ಮಾಡಿಸುವಾಗ ದಿನಾ ಕಾಣುತ್ತಿತ್ತು, ಅದರಿಂದ ನನಗೆ ಏನೂ ಅನ್ನಿಸಿದ ನೆನಪಿಲ್ಲ. ಆ ಗುಂಡಿನ ಸದ್ದು ಮಾತ್ರ ಬಹಳ ವರ್ಷ ನನ್ನನ್ನು ಕಾಡಿತು. ದೇಹದಲ್ಲಿರುವ ಒಂದು ಸಣ್ಣ ವ್ಯತ್ಯಾಸಕ್ಕೆ ಅಷ್ಟು ದೊಡ್ಡ ಸದ್ದು ಕೂಡಿಸಿದವರು ದೊಡ್ಡವರು. ಹಾರ್ನೈಯನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಆ ಅಂಗಳ.

ಇನ್ನೊಂದು ಸಂಗತಿ. ನಮ್ಮ ಹಿಂದಿನ ಸಂಪ್ರದಾಯದಲ್ಲಿ ಮಂಗಲ ಎಂಬ ವಿಧಿ ಮದುವೆಗಷ್ಟೇ ಮೀಸಲಾಗಿರಲಿಲ್ಲ. ಕೊಡವರ ಕುರಿತು 1952ರಲ್ಲಿ ಪ್ರಕಟವಾದ ಎಂ. ಎನ್. ಶ್ರೀನಿವಾಸ್ ಅವರ ಅಧ್ಯಯನದಲ್ಲಿ ಈ ಮಂಗಲಗಳ ವಿವರವಾದ ಚರ್ಚೆಯಿದೆ. ಹುಲಿ ಕೊಂದ ಗಂಡಸಿಗೆ ನರಿ ಮಂಗಲ (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ). ಹತ್ತು ಮಕ್ಕಳನ್ನು ಹೆತ್ತ ತಾಯಿಗೂ ಒಂದು ಮಂಗಲ. ಹೆರಿಗೆಯನ್ನು ಹುಲಿಬೇಟೆಯ ಸಮಕ್ಕೆ ಇಟ್ಟು ಗೌರವಿಸಿದ್ದು ದೊಡ್ಡ ಮಾತು. ತಾಯ್ತನವನ್ನು ಬರಿಯ ಬದಲಿ ಸಮಾಧಾನ ಎಂದ ವಿಯೆನ್ನಾಕ್ಕಿಂತ ನಮ್ಮ ಹಿರಿಯರು ಹೆರಿಗೆಯ ಧೈರ್ಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಲೆಕ್ಕ ನೋಡಿ, ಅವನಿಗೆ ಒಂದು ಹುಲಿ, ಅವಳಿಗೆ ಹತ್ತು ಹೆರಿಗೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪಟ್ಟೇದಾರ ಎಂದರೆ ಒಕ್ಕದ, ಅಂದರೆ ಕೂಡುಕುಟುಂಬದ, ಹಿರಿಯ ಗಂಡಸು. ಗೌರವ ಇದ್ದ ಮಾತ್ರಕ್ಕೆ ಪಾಲು ಇತ್ತು ಎಂದಾಗುವುದಿಲ್ಲ.

ಮತ್ತೆ, ಕೊಡಗು ಎಂದರೆ ನಾವು ಮಾತ್ರವೇ? ಯರವರು, ಕುರುಬರು, ಅರೆಭಾಷೆ ಗೌಡರು, ಬ್ಯಾರಿಗಳು, ತೋಟದ ಕೂಲಿಕಾರರ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದ ತಮಿಳು ಮಲಯಾಳಿ ಕುಟುಂಬಗಳು, ಇತ್ತೀಚೆಗೆ ಅಸ್ಸಾಮಿನಿಂದ ಬರುವವರು. ಇವರೆಲ್ಲರ ಹೆಣ್ಣುಮಕ್ಕಳೂ ಅದೇ ತರಗತಿಯಲ್ಲಿ ಕೂರುತ್ತಾರೆ. ಆ ಪ್ರಶ್ನೆ ಕೇಳಿದ ಹುಡುಗಿ ಯಾರ ಮನೆಯವಳೋ ನಮಗೆ ಗೊತ್ತಿಲ್ಲ. ಎಲ್ಲ ಹೆಣ್ಣುಗಳಿಗೂ ಒಂದೇ ಬಾಲ್ಯ ಎಂದು ಫ್ರಾಯ್ಡ್ ಊಹಿಸಿದ್ದರು. ಎಲ್ಲ ಕೊಡಗಿನ ಹೆಣ್ಣುಗಳಿಗೂ ಒಂದೇ ಬಾಲ್ಯ ಎಂದು ನಾವು ಊಹಿಸುವುದು ಬೇಡ.

ಉತ್ತರ: ಸೋಮವಾರಪೇಟೆಯವನು, ಈಗ ಮೈಸೂರಿನಲ್ಲಿ ಸಂಶೋಧನಾ ವಿದ್ಯಾರ್ಥಿ

ಫ್ರಾಯ್ಡ್ ಪರವಾಗಿಯೂ ಒಬ್ಬರು ಮಾತಾಡಬೇಕು. ಗಂಡುತನ, ಹೆಣ್ತನ ಎಂಬವು ವಿಜ್ಞಾನದಲ್ಲಿ ಅತ್ಯಂತ ಗೊಂದಲದ ಪರಿಕಲ್ಪನೆಗಳು, ಅಪ್ಪಟ ಗಂಡು ಅಪ್ಪಟ ಹೆಣ್ಣು ಎಂಬುದು ಮನಸ್ಸಿನ ಮಟ್ಟದಲ್ಲಾಗಲಿ ದೇಹದ ಮಟ್ಟದಲ್ಲಾಗಲಿ ಇಲ್ಲ ಎಂದು 1915ರಲ್ಲೇ ಅವರು ಅಡಿಟಿಪ್ಪಣಿ ಬರೆದಿದ್ದರು. ಹೆಣ್ತನದ ಕುರಿತ 1933ರ ಉಪನ್ಯಾಸದಲ್ಲಿ, ಹೆಣ್ಣನ್ನು ನಿಷ್ಕ್ರಿಯತೆಗೆ ತಳ್ಳುವ ಸಾಮಾಜಿಕ ರೂಢಿಗಳ ಪ್ರಭಾವವನ್ನು ಕಡೆಗಣಿಸಬೇಡಿ ಎಂಬ ಎಚ್ಚರಿಕೆಯೂ ಇದೆ. 1974ರಲ್ಲಿ ಜೂಲಿಯೆಟ್ ಮಿಚೆಲ್ ಎಂಬ ಸ್ತ್ರೀವಾದಿ ಚಿಂತಕಿ ಇದನ್ನೇ ಎತ್ತಿಹಿಡಿದು, ಮನೋವಿಶ್ಲೇಷಣೆ ಗಂಡಾಳ್ವಿಕೆಯ ಸಮಾಜವನ್ನು ವಿವರಿಸುತ್ತದೆ, ಅದನ್ನು ಶಿಫಾರಸು ಮಾಡುವುದಿಲ್ಲ ಎಂದು ವಾದಿಸಿದರು. ಆ ಓದನ್ನೂ ತರಗತಿಯಲ್ಲಿ ಹೇಳುವುದು ನ್ಯಾಯ.

ಇನ್ನೊಂದು ಹೆಸರು ಬಿಟ್ಟುಹೋಗಿದೆ. ಕಲ್ಕತ್ತದ ಗಿರೀಂದ್ರಶೇಖರ ಬೋಸ್ 1922ರಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದವರು. ಫ್ರಾಯ್ಡ್ ಜೊತೆ ಸುಮಾರು ಹದಿನೈದು ವರ್ಷ ಪತ್ರವ್ಯವಹಾರ ನಡೆಸಿದರು. ಯುರೋಪಿನ ರೋಗಿಗಳಿಗೆ ಹೋಲಿಸಿದರೆ ತಮ್ಮ ಭಾರತೀಯ ಗಂಡು ರೋಗಿಗಳಲ್ಲಿ ಶಿಶ್ನ ಕಳೆದುಕೊಳ್ಳುವ ಭಯ ಅಷ್ಟು ಎದ್ದು ಕಾಣುವುದಿಲ್ಲ, ಹೆಣ್ಣಾಗಬೇಕೆಂಬ ಆಸೆ ಹೆಚ್ಚು ಸುಲಭವಾಗಿ ಕಾಣಸಿಗುತ್ತದೆ ಎಂದು ಅವರು ಬರೆದರು. ಫ್ರಾಯ್ಡ್ ಸೌಜನ್ಯದಿಂದ ಉತ್ತರಿಸಿದರು, ಸಿದ್ಧಾಂತ ಬದಲಾಗಲಿಲ್ಲ.

ಉತ್ತರ: ನಾಪೋಕ್ಲಿನ ನಿವೃತ್ತ ಉಪನ್ಯಾಸಕಿ

ಬೋಸ್ ಅವರನ್ನು ನೆನಪಿಸಿದ್ದಕ್ಕೆ ಧನ್ಯವಾದ. ಒಂದೂರಿನ ಗಂಡು ಹೆಣ್ಣಾಗಲು ಬಯಸುತ್ತಾನೆ ಎಂದಾದರೆ ಹೆಣ್ಣಿನಲ್ಲಿ ಕೊರತೆ ಹುಟ್ಟಿನಿಂದಲೇ ಇದೆ ಎಂಬ ವಾದ ಎಲ್ಲಿ ನಿಲ್ಲುತ್ತದೆ?

ಮಿಚೆಲ್ ಅವರ ವಾದದ ಬಗ್ಗೆ ನನಗೆ ಗೌರವವಿದೆ, ಒಪ್ಪಿಗೆಯಿಲ್ಲ. ಕಾರಣಕ್ಕೆ 1920ರಲ್ಲಿ ಫ್ರಾಯ್ಡ್ ಬರೆದ ಇನ್ನೊಬ್ಬ ಹದಿನೆಂಟರ ಹುಡುಗಿಯ ವೃತ್ತಾಂತ ನೋಡಿ. ತನಗಿಂತ ಹಿರಿಯ ಹೆಂಗಸೊಬ್ಬಳನ್ನು ಪ್ರೀತಿಸಿದಳೆಂದು ತಂದೆತಾಯಿ ಅವಳನ್ನು ಕರೆತಂದಿದ್ದರು. ಅವಳಿಗೆ ಯಾವ ಕಾಯಿಲೆಯೂ ಇಲ್ಲ, ಇಂಥ ಒಲವನ್ನು ಚಿಕಿತ್ಸೆಯಿಂದ ತಿರುಗಿಸುವುದು ಬಹುಮಟ್ಟಿಗೆ ಆಗದ ಕೆಲಸ ಎಂದು ಫ್ರಾಯ್ಡ್ ಬರೆದರು. ಆ ಕಾಲಕ್ಕೆ ಅದು ಎಷ್ಟು ದಿಟ್ಟತನದ ಮಾತು! ಇಂದಿಗೂ ಮಕ್ಕಳನ್ನು ಬದಲಾಯಿಸಿಕೊಡಿ ಎಂದು ಮನೋವೈದ್ಯರ ಬಳಿ ಎಳೆದೊಯ್ಯುವ ತಂದೆತಾಯಿ ನಮ್ಮ ನಡುವೆ ಇದ್ದಾರೆ. ಆದರೆ ಅದೇ ವೃತ್ತಾಂತದಲ್ಲಿ, ಹುಡುಗರಿಗಿರುವ ಸ್ವಾತಂತ್ರ್ಯ ಹುಡುಗಿಯರಿಗಿಲ್ಲದಿರುವುದು ಅನ್ಯಾಯ ಎಂದು ಆಕೆ ಭಾವಿಸಿದ್ದಳು, ಹೆಣ್ಣಿನ ಪಾಡಿನ ವಿರುದ್ಧ ಬಂಡೆದ್ದಿದ್ದಳು ಎಂದೂ ದಾಖಲಿಸಿ, ಅದರ ಮೂಲವನ್ನು ಅವಳು ಚಿಕ್ಕಂದಿನಲ್ಲಿ ಅಣ್ಣನ ಮೈ ನೋಡಿ ಪಟ್ಟ ಅಸೂಯೆಯಲ್ಲಿ ಹುಡುಕಿದರು. ಹುಡುಗಿ ಸ್ವಾತಂತ್ರ್ಯ ಎಂದು ಬಾಯಿಬಿಟ್ಟು ಹೇಳಿದ್ದಾಳೆ, ವೈದ್ಯರು ಅದನ್ನು ಅಂಗ ಎಂದು ಕೇಳಿಸಿಕೊಂಡಿದ್ದಾರೆ. ಬರಿಯ ವಿವರಣೆಯಾಗಿದ್ದರೆ ಅವಳ ದೂರು ದೂರಾಗಿಯೇ ಉಳಿಯುತ್ತಿತ್ತು.

ನನ್ನ ಒಟ್ಟು ತಕರಾರು ಇಷ್ಟೇ. ರೋಗಿಯ ಮಾತನ್ನು ಗಂಟೆಗಟ್ಟಲೆ ಕೂತು ಕೇಳಬೇಕು ಎಂಬ ಪದ್ಧತಿಯನ್ನು ವೈದ್ಯಕೀಯಕ್ಕೆ ಕೊಟ್ಟವರಲ್ಲಿ ಫ್ರಾಯ್ಡ್ ಮೊದಲಿಗರು. ಹೆಂಗಸರ ವಿಷಯ ಬಂದಾಗ ಅದೇ ಪದ್ಧತಿಗೆ ಅವರು ದ್ರೋಹ ಮಾಡಿದರು. ಕೇಳಿದರು, ಬರೆದುಕೊಂಡರು, ಕೊನೆಗೆ ಅವಳ ಮಾತಿನ ಬದಲು ತಮ್ಮ ಮಾತನ್ನು ಇಟ್ಟರು.

ಆ 1933ರ ಉಪನ್ಯಾಸ, ಹೆಸರಿಗೆ ಉಪನ್ಯಾಸ, ಬಾಯಿಯ ಶಸ್ತ್ರಚಿಕಿತ್ಸೆಗಳಿಂದಾಗಿ ವೇದಿಕೆಯ ಮೇಲೆ ನೀಡಿದ್ದಲ್ಲ, ಒಂದು ಸಲಹೆಯೊಂದಿಗೆ ಮುಗಿಯುತ್ತದೆ: ಹೆಣ್ತನದ ಬಗ್ಗೆ ಇನ್ನೂ ತಿಳಿಯಬೇಕಿದ್ದರೆ ನಿಮ್ಮ ಬದುಕಿನ ಅನುಭವವನ್ನು ಕೇಳಿ, ಇಲ್ಲವೇ ಕವಿಗಳ ಬಳಿ ಹೋಗಿ, ಇಲ್ಲವೇ ವಿಜ್ಞಾನ ಬೆಳೆಯುವ ತನಕ ಕಾಯಿರಿ. ಅದೇ ವರ್ಷಗಳಲ್ಲಿ ನಮ್ಮ ಸುಂಟಿಕೊಪ್ಪದ ತೋಟದ ಮನೆಯಲ್ಲಿ ಕೂತು ಕೊಡಗಿನ ಗೌರಮ್ಮ ಕಥೆ ಬರೆಯುತ್ತಿದ್ದರು. 1912ರಲ್ಲಿ ಹುಟ್ಟಿ 1939ರಲ್ಲಿ, ಫ್ರಾಯ್ಡ್ ತೀರಿಕೊಂಡ ವರ್ಷವೇ, ನೀರಿನಲ್ಲಿ ಮುಳುಗಿ ತೀರಿಕೊಂಡವರು. ವಿಧವೆಯರ ಆಸೆ, ಮದುವೆಯೊಳಗಿನ ಮೌನ, ಹೆಣ್ಣೊಬ್ಬಳು ಬಾಯಿಬಿಟ್ಟು ಹೇಳಲಾಗದ ಬಯಕೆ, ಇವನ್ನೆಲ್ಲ ಇಪ್ಪತ್ತರ ಆಸುಪಾಸಿನ ಆಕೆ ಬರೆದಿದ್ದಾರೆ. ಅವರ ಒಂದು ಕಥೆಯನ್ನು ಫ್ರಾಯ್ಡ್ ಪಾಠದ ಪಕ್ಕದಲ್ಲಿಟ್ಟು ಓದಿಸಿ. ನಾನು ಓದಿಸುತ್ತಿದ್ದೆ. ಹೆಣ್ಣಿನ ಮನಸ್ಸನ್ನು ಕುರಿತು ಪರವೂರಿನ ಪುಸ್ತಕವೇ ಮಾತಾಡಬೇಕು ಎಂಬ ಭಾವನೆ ಆ ಒಂದು ಗಂಟೆಯಲ್ಲಿ ಕರಗುತ್ತಿತ್ತು.

ಉತ್ತರ: ಮಡಿಕೇರಿಯ ಶುಶ್ರೂಷಕಿ

ಒಂದು ವೈದ್ಯಕೀಯ ಸಂಗತಿ ಸೇರಿಸುತ್ತೇನೆ. ಇದು ತತ್ವದ ಚರ್ಚೆಯಲ್ಲೇ ಮುಗಿದಿದ್ದರೆ ಹೇಳುತ್ತಿರಲಿಲ್ಲ. ಹೆಣ್ಣು ಪ್ರಬುದ್ಧಳಾಗಬೇಕಾದರೆ ಅವಳ ಸುಖದ ಕೇಂದ್ರ ಚಂದ್ರನಾಡಿಯಿಂದ (ಕ್ಲಿಟೋರಿಸ್) ಯೋನಿಗೆ ವರ್ಗವಾಗಬೇಕು ಎಂದು ಫ್ರಾಯ್ಡ್ 1905ರಲ್ಲಿ ಬರೆದರು. ಹಾಗೆ ಆಗದವರು ಅಪಕ್ವರು, ತಣ್ಣನೆಯವರು ಎಂಬ ಹಣೆಪಟ್ಟಿ ದಶಕಗಟ್ಟಲೆ ಅಂಟಿಕೊಂಡಿತು. ಅವರ ಶಿಷ್ಯೆ ಮೇರಿ ಬೋನಪಾರ್ಟ್ ತಮ್ಮಲ್ಲೇ ದೋಷವಿದೆಯೆಂದು 1927ರಲ್ಲಿ ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿಕೊಂಡರು, ಪ್ರಯೋಜನವಾಗಲಿಲ್ಲ. 1966ರಲ್ಲಿ ಅಮೆರಿಕದ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ಪ್ರಯೋಗಾಲಯದ ಅಧ್ಯಯನದಿಂದ ಎರಡು ಬಗೆಯ ಸುಖ ಎಂಬ ವಿಭಜನೆಗೆ ಶಾರೀರಿಕ ಆಧಾರವಿಲ್ಲವೆಂದು ತೋರಿಸಿದರು. ನಮ್ಮ ಹೊರರೋಗಿ ವಿಭಾಗಕ್ಕೆ ಬರುವ ಹೆಂಗಸರು ಇಂದಿಗೂ "ನನ್ನಲ್ಲೇ ಏನೋ ಕಡಿಮೆಯಿದೆ ಸಿಸ್ಟರ್" ಎಂದು ಪಿಸುಮಾತಿನಲ್ಲಿ ಹೇಳುತ್ತಾರೆ. ಅವರಲ್ಲಿ ಒಬ್ಬರೂ ಫ್ರಾಯ್ಡ್ ಹೆಸರು ಕೇಳಿದವರಲ್ಲ. ದಯವಿಟ್ಟು ಈ ಭಾಗವನ್ನು ಮುಜುಗರ ಎಂದು ಬಿಡಬೇಡಿ.

ಪ್ರಶ್ನೆ ಕೇಳಿದವರು: ಗೋಣಿಕೊಪ್ಪಲಿನ ಅತಿಥಿ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞತೆ. ಇಂದು ಡೋರಾಳ ಕಥೆಯಿಂದ ಶುರುಮಾಡಿದೆ, ಹಲಗೆಯನ್ನು ಎರಡು ಭಾಗ ಮಾಡಿ ಹಾರ್ನೈ ಪಟ್ಟಿಯನ್ನೂ ಬರೆದೆ. ಬಲಗಡೆಯ ಸಾಲುಗಳನ್ನು ಹುಡುಗರೇ ಒಬ್ಬೊಬ್ಬರಾಗಿ ಹೇಳಿ ತುಂಬಿಸಿದರು. ಬೋಸ್ ಮತ್ತು ಥಾಂಪ್ಸನ್ ಮುಂದಿನ ತರಗತಿಗೆ. ಆ ವಿದ್ಯಾರ್ಥಿನಿ ಕೊನೆಗೆ ಮತ್ತೆ ಎದ್ದಳು: "ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬಂದರೆ ಏನು ಬರೆಯಲಿ?" ನಾನು ಇದಕ್ಕೇನು ಹೇಳಲಿ?

ಉತ್ತರ: ನಾಪೋಕ್ಲಿನ ನಿವೃತ್ತ ಉಪನ್ಯಾಸಕಿ

ಮೌಲ್ಯಮಾಪಕಿಯಾಗಿ ಕೂತವಳಾಗಿ ಹೇಳುತ್ತೇನೆ. ಪ್ರತಿಯೊಂದು ಹೇಳಿಕೆಯ ಮುಂದೆ "ಫ್ರಾಯ್ಡ್ ಪ್ರಕಾರ" ಎಂದು ಸೇರಿಸಲಿ, ವರ್ಷ ಬರೆಯಲಿ. ಸಿದ್ಧಾಂತವನ್ನು ತಿರುಚದೆ ಐದಾರು ಸಾಲಿನಲ್ಲಿ ಹೇಳಿ ಮುಗಿಸಲಿ. ನಂತರ "ವಿಮರ್ಶೆ" ಎಂದು ಉಪಶೀರ್ಷಿಕೆ ಹಾಕಿ ಹಾರ್ನೈ 1926, ಥಾಂಪ್ಸನ್ 1943, ಮಾಸ್ಟರ್ಸ್ ಮತ್ತು ಜಾನ್ಸನ್ 1966 ಎಂದು ಬರೆಯಲಿ. ವಿಮರ್ಶೆಗೆ ಅಂಕ ಕೊಡದ ಮೌಲ್ಯಮಾಪಕರು ಕಡಿಮೆ. ಪುಟದಲ್ಲಿ ಜಾಗ ಉಳಿದರೆ, ಒಪ್ಪದವರನ್ನು ರೋಗಿ ಎಂದು ಕರೆಯುವ ಸಿದ್ಧಾಂತವನ್ನು ಪರೀಕ್ಷಿಸುವುದು ಹೇಗೆ ಎಂಬ ತನ್ನ ಪ್ರಶ್ನೆಯನ್ನೂ ಅವಳು ಬರೆಯಲಿ. ಗೌರಮ್ಮನವರ ಕಥಾಸಂಗ್ರಹ ನಿಮ್ಮ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ತಿಳಿಸಿ, ನನ್ನ ಬಳಿ ಎರಡು ಪ್ರತಿಗಳಿವೆ, ಗೋಣಿಕೊಪ್ಪದ ಬಸ್ಸಿಗೆ ಕೊಟ್ಟು ಕಳುಹಿಸುತ್ತೇನೆ.